ಅಕ್ಕನ ಕಡಾಯಿಯ ಹೊಗೆ

ಒಲೆಯ ಮೇಲಿಟ್ಟ ಪಾತ್ರೆ ಯಾಕೆ ಹೊಗೆಯಾಡುತ್ತದೆ ಎಂಬುದಕ್ಕೆ ಹತ್ತೆಂಟು ಕಾರಣಗಳಿವೆ. ಅವನ್ನೆಲ್ಲ ನಾನು ಬಲ್ಲೆ. ನಾಲ್ಕನೆಯ ಇಯತ್ತೆಯಲ್ಲಿ ಎರಡು ವರ್ಷ ಕೂತು ಸಾಲೆಗೆ ಕೈಮುಗಿದವನಿಗೆ ಇಷ್ಟು ಜ್ಞಾನ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಓದಿ ಬಂದದ್ದಲ್ಲ, ಅಡಿಗೆ ಮಾಡಿ ಬಂದದ್ದೂ ಅಲ್ಲ. ನಿಜವಾದ ಒಂದು ಕಾರಣವನ್ನು ಮುಚ್ಚಿಡಲು ಉಳಿದ ಕಾರಣಗಳನ್ನೆಲ್ಲ ನಾನು ಒಂದೊಂದಾಗಿ ಹುಡುಕಿಕೊಂಡು ಹೋಗಬೇಕಾಯಿತು. ಹಾಗೆ ಬಂದದ್ದು. ಸುಳ್ಳು ಹೇಳುವವನಷ್ಟು ಕಷ್ಟಪಟ್ಟು ಕಲಿಯುವ ವಿದ್ಯಾರ್ಥಿ ಇನ್ನೊಬ್ಬನಿಲ್ಲ. ನಮ್ಮ ಮಾಸ್ತರರು ಛಡಿ ಕೆಳಗಿಟ್ಟು, ನನ್ನಿಂದ ಒಂದು ತಪ್ಪು ಮಾಡಿಸಿ, ಅದನ್ನು ಮುಚ್ಚಿಕೊಳ್ಳಲು ಬಿಟ್ಟಿದ್ದರೆ ನಾನು ಇಷ್ಟೊತ್ತಿಗೆ ಮಾಮಲೇದಾರನಾಗಿರುತ್ತಿದ್ದೆ.

ಎಪ್ಪತ್ತರ ದಶಕದ ನಡುವಿನ ಮಾತು. ಸಿಂದಗಿಯ ಒಂದು ಎಣ್ಣೆ ಗಿರಣಿಯಲ್ಲಿ ನಾನು ಕೆಲಸಕ್ಕಿದ್ದೆ. ಸುತ್ತಿನ ಹೊಲಗಳ ಕುಸುಬಿಯೆಲ್ಲ ಅಲ್ಲಿಗೆ ಬಂದು ಒಂದು ಕಡೆ ಹಿಂಡಿಯಾಗಿ, ಇನ್ನೊಂದು ಕಡೆ ಎಣ್ಣೆಯಾಗಿ ಹೋಗುತ್ತಿತ್ತು. ಯಂತ್ರದಿಂದ ಆಗಷ್ಟೇ ಇಳಿದ ಎಣ್ಣೆ ಮಳೆಗಾಲದ ಹಳ್ಳದ ನೀರಿನ ಹಾಗೆ ರಾಡಿಯಾಗಿರುತ್ತದೆ. ಅದನ್ನು ಪೀಪಾಯಿಗೆ ತುಂಬಿ ಎಂಟು ದಿನ ಅಲುಗಿಸದೆ ಇಟ್ಟರೆ ಬೀಜದ ಸಣ್ಣ ಪುಡಿಯೆಲ್ಲ ತಳಕ್ಕೆ ಕೂತು, ಮೇಲೆ ತಿಳಿ ಎಣ್ಣೆ ನಿಲ್ಲುತ್ತದೆ. ತಳಕ್ಕೆ ಕೂತದ್ದಕ್ಕೆ ಗಸಿ ಎನ್ನುತ್ತೇವೆ. ಬಂಡಿಯ ಅಚ್ಚಿಗೆ ಹಚ್ಚಲು ಬೇಕೆಂದು ರೈತರು ಅದನ್ನು ಕೇಳಿ ಒಯ್ಯುತ್ತಿದ್ದರು. ಅದೇ ಗಸಿಯನ್ನು ಕಡಾಯಿಗೆ ಹಾಕಿದರೆ, ಎಣ್ಣೆ ಸರಿಯಾಗಿ ಕಾಯುವ ಮೊದಲೇ ಆ ಪುಡಿ ಸುಟ್ಟು ಕರ್ರಗಾಗಿ ಹೊಗೆ ಎಬ್ಬಿಸುತ್ತದೆ. ಇದು ಗಿರಣಿಯಲ್ಲಿ ಕಸ ಗುಡಿಸುವ ಮುದುಕಿಗೂ ಗೊತ್ತು. ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅದಕ್ಕೇ ಇದು ತಪ್ಪೊಪ್ಪಿಗೆ. ಗೊತ್ತಿಲ್ಲದೆ ಮಾಡಿದ್ದಾಗಿದ್ದರೆ ಬರೀ ಕತೆಯಾಗುತ್ತಿತ್ತು.

ನನಗೆ ಒಬ್ಬಳೇ ಅಕ್ಕ, ನೀಲವ್ವ. ಅವಳನ್ನು ಮುದ್ದೇಬಿಹಾಳಕ್ಕೆ ಕೊಟ್ಟಿತ್ತು. ಅವಳ ಅತ್ತೆ ಗಂಗವ್ವನವರಿಗೆ ಕಣ್ಣು ಮಂದವಾಗಿದ್ದವು, ಆದರೆ ಕಣ್ಣಿನ ಪಾಲಿನ ಚುರುಕನ್ನೂ ದೇವರು ಮೂಗಿಗೇ ಕೊಟ್ಟುಬಿಟ್ಟಿದ್ದ. ಮೂರನೆಯ ಮನೆಯಲ್ಲಿ ಹಾಲು ಉಕ್ಕಿದರೆ ಪಡಸಾಲೆಯಲ್ಲಿ ಕೂತಲ್ಲಿಂದಲೇ "ಯಾರದೋ ಹಾಲು ಹೋತು" ಎನ್ನುವ ಹೆಂಗಸು. ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಸೊಸೆ ಬಂದ ಮೇಲೆ ಎರಡು ವರ್ಷ ಬೀಸುವುದು, ಕುಟ್ಟುವುದು, ರೊಟ್ಟಿ ಬಡಿಯುವುದು, ಪಾತ್ರೆ ಬೆಳಗುವುದು ಇಷ್ಟೇ ಮಾಡಬೇಕು. ಒಗ್ಗರಣೆಯ ಸೌಟು ಅತ್ತೆಯ ಕೈಯಲ್ಲೇ ಇರುತ್ತದೆ. ಅತ್ತೆ ತನ್ನ ಮನಸ್ಸಿಗೆ ಬಂದ ಸೊಸೆಗೆ ಆ ಸೌಟು ಕೊಟ್ಟಳೆಂದರೆ ಮನೆಯ ಒಲೆ ಅವಳದು, ಇವತ್ತು ಏನು ಅಡಿಗೆ ಎಂದು ಹೇಳುವ ಮಾತೂ ಅವಳದು. ಉಳಿದವರು ಅವಳ ಕೈಕೆಳಗೆ. ಅಕ್ಕನ ಎರಡು ವರ್ಷ ಮುಗಿದಿದ್ದವು. "ಪಂಚಮಿಗೆ ತವರಮನಿಗೆ ಹೋಗಿ ಬಾ. ಬಂದ ಮ್ಯಾಲ ಸೌಟು ನಿನಗ ಕೊಡ್ತೇನಿ. ದೀಪಾವಳಿತನಾ ನಿನ್ನ ಕೈ ನೋಡ್ತೇನಿ" ಎಂದು ಗಂಗವ್ವನವರು ಹೇಳಿ ಕಳಿಸಿದ್ದರು. ದೀಪಾವಳಿ ಯಾಕೆಂದರೆ, ಅದಾದ ಮೇಲೆ ಅಕ್ಕನ ಮೈದುನನ ಮದುವೆ ಇತ್ತು. ಹೊಸ ಸೊಸೆ ಬರುವವಳಿದ್ದಳು. ಅಷ್ಟರೊಳಗೆ ಅಕ್ಕ ತನ್ನ ಕೈ ತೋರಿಸದಿದ್ದರೆ ಸೌಟು ಆ ಹೊಸಬಳಿಗೆ ಹೋಗುತ್ತದೆ, ಅಕ್ಕ ಜೀವಮಾನವಿಡೀ ಬೂದಿಯಲ್ಲಿ ಕೈಯಿಟ್ಟುಕೊಂಡು ಪಾತ್ರೆ ತಿಕ್ಕುತ್ತ ಕೂಡಬೇಕು.

ಇಂಥ ಪರೀಕ್ಷೆಗೆ ಹೊರಟವಳಿಗೆ ನಾನು ಕೊಟ್ಟ ಸಾಮಾನು ಎಂಥದು ಕೇಳಿ. ಪಂಚಮಿಗೆಂದು ಗಿರಣಿಯ ಮಾಲೀಕರು ಕೆಲಸಗಾರರಿಗೆ ಪೀಪಾಯಿಯಿಂದ ಎರಡೆರಡು ಡಬ್ಬಿ ಎಣ್ಣೆ ತುಂಬಿಕೊಳ್ಳಲು ಬಿಡುತ್ತಿದ್ದರು. ಮುಂಜಾನೆ ಒಂದು ಡಬ್ಬಿ ತುಂಬಿದೆ. ಪೀಪಾಯಿ ತುಂಬ ಇತ್ತು, ಎಣ್ಣೆ ಕನ್ನಡಿಯಂತಿತ್ತು, ಬಗ್ಗಿ ನೋಡಿದರೆ ನನ್ನ ಮುಖ ಕಂಡಿತು. ಎರಡನೆಯದನ್ನು ತುಂಬುವಷ್ಟರಲ್ಲಿ ಸಂಜೆಯಾಗಿತ್ತು. ಪೀಪಾಯಿಯನ್ನು ವಾಲಿಸಿ ತುಂಬಿದೆ. ಬಗ್ಗಿ ನೋಡಿದರೆ ಏನೂ ಕಾಣಲಿಲ್ಲ. ಎರಡೂ ಡಬ್ಬಿಗಳನ್ನು ಮನೆಯಲ್ಲಿ ಪಕ್ಕಪಕ್ಕ ಇಟ್ಟುಕೊಂಡು ಕೂತೆ. ಒಂದು ಅಕ್ಕನಿಗೆ ಎಂದು ಅವ್ವ ಹೇಳಿದ್ದಳು. ಇನ್ನೊಂದು ಕನ್ನೊಳ್ಳಿಗೆ. ಕನ್ನೊಳ್ಳಿಯಲ್ಲಿ ನನಗೆ ಒಂದು ಹೆಣ್ಣು ನೋಡಿದ್ದರು. ಹುಡುಗಿ ನನಗೆ ಬಹಳ ಮನಸ್ಸಿಗೆ ಬಂದಿದ್ದಳು, ಹುಡುಗಿಯ ಅಪ್ಪನಿಗೆ ಮಾತ್ರ ನಾನು ಇನ್ನೂ ಮನಸ್ಸಿಗೆ ಬಂದಿರಲಿಲ್ಲ. ಹಬ್ಬಕ್ಕೆ ಎಣ್ಣೆ ಮುಟ್ಟಿಸುವ ನೆಪದಲ್ಲಿ ಮತ್ತೊಮ್ಮೆ ಮುಖ ತೋರಿಸಿ ಬಾ ಎಂದು ಅವ್ವನೇ ಉಪಾಯ ಹೇಳಿದ್ದಳು. ಯಾವ ಡಬ್ಬಿ ಎಲ್ಲಿಗೆ ಎಂದು ಯೋಚಿಸಲು ನನಗೆ ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಬೇಕಾಗಲಿಲ್ಲ. "ಅಕ್ಕ ನಮ್ಮಾಕಿ, ಏನಂತಾಳ?" ಎಂದುಕೊಂಡೆ. ಲೋಕದಲ್ಲಿ ಒಣಗಿದ ರೊಟ್ಟಿ, ಮುರಿದ ಕುರ್ಚಿ, ತಳದ ಎಣ್ಣೆ ಎಲ್ಲವೂ ಈ ಒಂದು ಮಾತಿನ ಬಲದ ಮೇಲೆಯೇ ನಮ್ಮವರ ಪಾಲಿಗೆ ಹೋಗುತ್ತವೆ.

ಹಬ್ಬ ಮುಗಿಸಿ ಅಕ್ಕನನ್ನು ಕರೆದುಕೊಂಡು, ಉಂಡಿಯ ಗಂಟು, ಎಣ್ಣೆಯ ಡಬ್ಬಿ ಹೊತ್ತುಕೊಂಡು ಮುದ್ದೇಬಿಹಾಳಕ್ಕೆ ಹೋದೆ. ಅಕ್ಕ ಅಡಿಗೆಮನೆಯಲ್ಲಿ ಡಬ್ಬಿಯ ಮುಚ್ಚಳ ತೆಗೆದು ನೋಡಿದಳು.

"ಯಾಕೋ ತಮ್ಮಾ, ಎಣ್ಣಿ ಮಬ್ಬ ಕಾಣ್ತೈತಲ್ಲ?"

ತಳದಲ್ಲಿ ಗಸಿ ಗಟ್ಟಿಯಾಗಿ ಕೂತರೆ ನನ್ನ ಬಂಡವಾಳ ಬಯಲಾಗುತ್ತದೆ ಎಂದು ನನಗೆ ಗಾಬರಿಯಾಯಿತು. ಗಾಬರಿಯಲ್ಲಿ ನನ್ನ ತಲೆ ಬಹಳ ಚುರುಕು.

"ಹೊಸಾ ಎಣ್ಣಿ ಅಕ್ಕಾ. ಸತ್ವ ಎಲ್ಲಾ ತಳದಾಗ ಇರ್ತೈತಿ. ದಿನಾ ಹಾಕೂ ಮುಂದ ಡಬ್ಬಿ ಛಲೋತಂಗ ಅಲುಗಾಡಿಸಿ ಹಾಕು."

ಪಡಸಾಲೆಯಿಂದ ಗಂಗವ್ವನವರ ದನಿ ಬಂತು. "ಕೇಳಿದೇನ ನೀಲವ್ವ? ಗಿರಣ್ಯಾಗ ಇರಾಂವ ಹೇಳಾಕತ್ತಾನ. ಅಲುಗಾಡಿಸಿ ಹಾಕು."

ಅಲ್ಲಿಗೆ ಮುಗಿಯಿತು. ಸುಮ್ಮನೆ ಬಿಟ್ಟಿದ್ದರೆ ಎಂಟು ದಿನದಲ್ಲಿ ಆ ಎಣ್ಣೆ ತಾನೇ ತಿಳಿಯಾಗುತ್ತಿತ್ತು, ಅಕ್ಕ ಮೇಲಿನದನ್ನು ಬಗ್ಗಿಸಿಕೊಂಡು ಹೇಗೋ ಸಾಗಿಸುತ್ತಿದ್ದಳು. ಆದರೆ ಅತ್ತೆಯ ಅಪ್ಪಣೆಯಾಗಿತ್ತು. ದಿನಾ ಅಡಿಗೆಯ ಹೊತ್ತಿಗೆ ಪಡಸಾಲೆಯಿಂದ "ಅಲುಗಾಡಿಸಿದೇನ?" ಎಂದು ಕೇಳುವುದು, ಒಳಗಿನಿಂದ ಡಬ್ಬಿ ಗಳಗಳ ಎನ್ನುವುದು, ಆಮೇಲೆ ಕಡಾಯಿಯಿಂದ ಹೊಗೆ ಏಳುವುದು.

ಗಣಪತಿ ಹಬ್ಬದ ಮರುವಾರ ಹೋದಾಗ ಗಂಗವ್ವನವರು ನನ್ನನ್ನು ಬಾಗಿಲಲ್ಲೇ ಹಿಡಿದರು. "ಬಾರಪ್ಪಾ ಎಣ್ಣಿ ಪಂಡಿತಾ. ನಿಮ್ಮಕ್ಕ ಒಗ್ಗರಣಿ ಹಾಕಿದ್ರ ಓಣಿ ಮಂದಿ ಕೊಡಪಾನ ಹಿಡ್ಕೊಂಡ ಓಡಿ ಬರಾಕತ್ತಾರ, ಮನಿಗೆ ಬೆಂಕಿ ಬಿದ್ದೈತಂತ. ಯಾಕ ಹಿಂಗ ಆಗತೈತಿ, ನೀನ ಹೇಳು."

ನಾನು ಗಂಭೀರವಾಗಿ ಅಡಿಗೆಮನೆಗೆ ಹೋಗಿ, ಕುಕ್ಕರುಗಾಲಲ್ಲಿ ಕೂತು, ಪಂಪಿನ ಸ್ಟೋವನ್ನು ವೈದ್ಯರು ನಾಡಿ ಹಿಡಿದಂತೆ ಹಿಡಿದು ನೋಡಿದೆ. "ಉರಿ ಭಾಳ ಆಗೈತ್ರಿ. ಸ್ಟೋವಿಗೆ ಇಷ್ಟು ಪಂಪ್ ಹೊಡದ್ರ ಎಂಥಾ ಎಣ್ಣಿನೂ ಹೊಗಿ ಬಿಡತೈತ್ರಿ. ಎಣ್ಣಿ ಸಾವಕಾಶ ಕಾಯಬೇಕು. ಸಾಸವಿ ಚಟ್ ಅಂದ ಕೂಡ್ಲೆ ಉರಿ ಇಳಿಸಬೇಕು." ಇದು ಸುಳ್ಳಲ್ಲ, ನೋಡಿ. ಅತಿಯಾಗಿ ಕಾಯಿಸಿದರೆ ತಿಳಿ ಎಣ್ಣೆಯೂ ಹೊಗೆಯಾಡುತ್ತದೆ. ನಾನು ಹೇಳಿದ ಮಾತುಗಳೆಲ್ಲ ಹೀಗೇ ನಿಜವಾಗಿದ್ದವು. ನಿಜವನ್ನು ತಪ್ಪು ಜಾಗದಲ್ಲಿ ಇಡುವುದರಲ್ಲಿ ನನ್ನ ಪ್ರತಿಭೆ ಇತ್ತು. ಅಂದಿನಿಂದ ಅಕ್ಕ ಸಣ್ಣ ಉರಿಯಲ್ಲಿ ಅಡಿಗೆ ಮಾಡತೊಡಗಿದಳು. ಹೊಗೆ ತುಸು ಇಳಿಯಿತು, ಆದರೆ ಆ ಮನೆಯ ಊಟ ಒಂದು ತಾಸು ಮುಂದಕ್ಕೆ ಹೋಯಿತು. ಹೊಲದಿಂದ ಹಸಿದು ಬಂದ ಗಂಡಸರು ಕೈತೊಳೆದುಕೊಂಡು ಕೂತು ಕೈ ಒಣಗಿಸಿಕೊಂಡರಂತೆ. ಹೊಗೆಯ ಬೈಗುಳದ ಜೊತೆಗೆ ತಡದ ಬೈಗುಳವೂ ಅಕ್ಕನ ಲೆಕ್ಕಕ್ಕೆ ಬಂತು.

ಎರಡನೆಯ ಸಲ ನವರಾತ್ರಿಗೆ ಮುಂಚೆ ಹೋದೆ. ಸುಮ್ಮನೆ ಹೋಗಲಿಲ್ಲ, ಇಂಡಿ ತಾಲೂಕಿನ ನಿಂಬೆಹಣ್ಣು ಒಂದು ಚೀಲ ಒಯ್ದಿದ್ದೆ. ತಪ್ಪಿತಸ್ಥ ಬರಿಗೈಯಲ್ಲಿ ಹೋಗುವುದಿಲ್ಲ. ಈ ಸಲ ತಪ್ಪನ್ನು ಕಡಾಯಿಯ ಮೇಲೆ ಹಾಕಿದೆ. "ಹಳೇ ಎಣ್ಣಿ ಅಂಟು ಕೂತೈತ್ರಿ. ಅದು ಸುಟ್ಟು ಹೊಗಿ ಬರ್ತೈತಿ. ನಿಂಬಿಹಣ್ಣು, ಬೂದಿ, ಇಟ್ಟಂಗಿ ಪುಡಿ ಹಾಕಿ ತಿಕ್ಕಬೇಕು." ಇದೂ ನಿಜವೇ. ನಮ್ಮ ಅವ್ವ ಇಂಥ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ರೊಟ್ಟಿಯ ಹಂಚಿಗೆ ಒಂದು ಹನಿ ಎಣ್ಣೆ ತಾಗಗೊಡುತ್ತಿರಲಿಲ್ಲ. ರೊಟ್ಟಿಯ ಹಂಚು ಕೆಂಡದಂತೆ ಕಾಯುತ್ತದೆ, ಎಣ್ಣೆ ತಾಗಿದ್ದರೆ ಮರುದಿನ ಮನೆಯೆಲ್ಲ ಹೊಗೆ. ನಾನು ಸಣ್ಣವನಿದ್ದಾಗ ಒಮ್ಮೆ ಆ ಹಂಚಿನ ಮೇಲೆ ಎಣ್ಣೆ ಹಾಕಿ ಶೇಂಗಾ ಹುರಿದದ್ದಕ್ಕೆ ಅವ್ವ ಹಿಟ್ಟಿನ ಕೈಯಲ್ಲೇ ನನ್ನನ್ನು ಊರ ಅಗಸಿಯ ಬಾಗಿಲ ತನಕ ಅಟ್ಟಿಸಿಕೊಂಡು ಬಂದಿದ್ದಳು. ಬೆನ್ನ ಮೇಲೆ ಮೂಡಿದ ಐದು ಬೆರಳಿನ ಬಿಳಿ ಗುರುತನ್ನು ಓಣಿಯವರೆಲ್ಲ ನೋಡಿದರು. ಆ ಕತೆಯನ್ನು ಗಂಗವ್ವನವರಿಗೆ ರಸವಾಗಿ ಹೇಳಿದೆ. ಅವರು ನಕ್ಕರು. ಅಕ್ಕ ಹಿತ್ತಲಲ್ಲಿ ಕೂತು ಕಡಾಯಿ ತಿಕ್ಕುತ್ತಿದ್ದಳು. ಬೆರಳಿನ ಬಿರುಕಿಗೆ ನಿಂಬೆಯ ರಸ ತಾಗಿ "ಸ್" ಎಂದದ್ದು ನನಗೆ ಕೇಳಿಸಿತು. ನಾನು ಕತೆಯನ್ನು ಸ್ವಲ್ಪ ಜೋರಾಗಿ ಹೇಳಿದೆ.

ಕಡಾಯಿ ಬೆಳ್ಳಿಯಂತಾಯಿತು. ಮರುದಿನ ಆ ಬೆಳ್ಳಿಯಂಥ ಕಡಾಯಿಯಿಂದಲೇ ಹೊಗೆ ಬಂತು. ಅದೂ ಸಾಲದೆ, ಹಾಗೆ ಉಜ್ಜಿ ಸುಲಿದ ಕಬ್ಬಿಣಕ್ಕೆ ತುಸು ಎಣ್ಣೆ ಸವರಿ, ಸಣ್ಣ ಉರಿಯಲ್ಲಿ ಕಾಯಿಸಿ, ಒರೆಸಿ, ಎರಡು ಮೂರು ದಿನ ಪಳಗಿಸಬೇಕು ಎಂದು ಹೇಳುವುದನ್ನು ಪಂಡಿತರು ಮರೆತಿದ್ದರು. ಎಣ್ಣೆಗಾಯಿಯ ಬದನೆಕಾಯಿಗಳೆಲ್ಲ ಕಡಾಯಿಗೆ ಅಂಟಿಕೊಂಡು, ಕಿತ್ತರೆ ತೊಟ್ಟು ಮಾತ್ರ ಬಂತಂತೆ. "ಮೊದಲ ಹೊಗಿ ಅಷ್ಟ ಇತ್ತು, ಈಗ ಹೊಗಿ ಮಾಡಿ ತಳ ಹತ್ತಿಸೂದೂ ಕಲತಾಳ" ಎಂದು ಗಂಗವ್ವನವರು ಓಣಿಯವರ ಮುಂದೆ ಅಂದರಂತೆ.

ಮೂರನೆಯ ಸಲ ಹೋದದ್ದು ದೀಪಾವಳಿಗೆ ನಾಲ್ಕು ದಿನ ಇದ್ದಾಗ. ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸಬೇಕು. ಅಲ್ಲಿ ಚಹಾ ಕುಡಿಯುತ್ತ ಕೂತು ಮೂರನೆಯ ಕಾರಣವನ್ನು ತಯಾರು ಮಾಡಿದೆ: ತೊಳೆದ ಕಡಾಯಿಯನ್ನು ಒರೆಸದೆ ಒದ್ದೆಯಾಗಿಯೇ ಇಡುತ್ತಾಳೆ, ಸ್ಟೋವು ಪಶ್ಚಿಮದ ಗೋಡೆಗಿದೆ, ಗಾಳಿ ಹಿತ್ತಲ ಬಾಗಿಲಿನಿಂದ ಬರುತ್ತದೆ. ಮೂರನ್ನೂ ಕಲಸಿ ಒಂದು ಉಂಡೆ ಕಟ್ಟಿದರೆ ದೀಪಾವಳಿ ದಾಟಬಹುದು. ಒಳ್ಳೆಯ ಉಂಡೆಯಾಗಿದೆ ಎಂದು ಸಂತೋಷದಿಂದ ಇನ್ನೊಂದು ಚಹಾ ಕುಡಿದೆ.

ಮನೆಗೆ ಹೋದರೆ ಪಡಸಾಲೆಯಲ್ಲಿ ಗಂಗವ್ವನವರು, ಜೊತೆಗೆ ಓಣಿಯ ಇಬ್ಬರು ಹೆಂಗಸರು. "ಬಾ ತಮ್ಮಾ, ಕೂಡು" ಎಂದು ನನಗೆ ಚಾಪೆ ಕೊಟ್ಟು ಅವರಿಗೆ ಹೇಳಿದರು: "ಈ ಹುಡುಗ ಭಾಳ ಶ್ಯಾಣ್ಯಾ. ಅಕ್ಕಗ ಅಡಗಿ ಬರಲಿ ಅಂತ ಎಷ್ಟು ತಿರುಗ್ಯಾಡ್ಯಾನ. ಏನ ಮಾಡೂದು, ಆಕಿಗೆ ಕೈಗುಣ ಇಲ್ಲ. ಸೌಟು ಹೊಸಾ ಸೊಸಿಗೇ ಕೊಡ್ತೇನಂತ ನಿಕ್ಕಿ ಮಾಡೇನಿ."

ನನ್ನನ್ನು ಬೈದಿದ್ದರೆ ನಾನು ಉಂಡೆಯನ್ನು ಹೊರತೆಗೆಯುತ್ತಿದ್ದೆ. ಹೊಗಳಿದರು. ಹೊಗಳಿಕೆಗೆ ನನ್ನ ಹತ್ತಿರ ಉತ್ತರ ತಯಾರಿರಲಿಲ್ಲ. ಅಷ್ಟರಲ್ಲಿ ಅಕ್ಕ ನನಗೆ ನೀರು ತಂದಳು. ತಂಬಿಗೆ ಕೊಡುವಾಗ ಮುಂಗೈ ಕಂಡಿತು. ಗಸಿಯಲ್ಲಿ ನೀರಿನ ಪಸೆ ಇರುತ್ತದೆ, ಕಾದಾಗ ಚಟಚಟ ಸಿಡಿಯುತ್ತದೆ. ಮಣಿಕಟ್ಟಿನಿಂದ ಮೊಣಕೈ ತನಕ ಅವರೆಕಾಳಿನಷ್ಟು ದೊಡ್ಡ ಸುಟ್ಟ ಕಲೆಗಳು. ಅವಳು ಸೆರಗಿನಿಂದ ಕೈ ಮುಚ್ಚಿಕೊಂಡಳು. "ಚುರುಮುರಿ ಮಾಡ್ತೇನಿ, ಕೂಡು" ಎಂದು ಒಳಗೆ ಹೋದಳು.

"ಅಲುಗಾಡಿಸಿದೇನವಾ?" ಎಂದರು ಗಂಗವ್ವನವರು.

"ಹೂಂನ್ರೀ ಅತ್ತಿ." ಒಳಗೆ ಡಬ್ಬಿ ಗಳಗಳ ಎಂದಿತು.

ನಾನು ಎದ್ದು ನಿಂತದ್ದು ನನಗೇ ಗೊತ್ತಾಗಲಿಲ್ಲ. "ಅವ್ವಾರ, ಅದನ್ನ ಅಲುಗಾಡಿಸಬಾರದ್ರಿ."

"ಮತ್ತ ನೀನ ಹೇಳಿದೆಲ್ಲೋ?"

"ನಾ ಸುಳ್ಳ ಹೇಳೇನ್ರಿ. ಅದು ಪೀಪಾಯಿ ತಳದ ಎಣ್ಣಿ. ಬರೇ ಗಸಿ. ಉರೀದೂ ತಪ್ಪಿಲ್ಲ, ಕಡಾಯಿದೂ ತಪ್ಪಿಲ್ಲ, ಅಕ್ಕಂದಂತೂ ಮೊದಲಿಗೇ ಇಲ್ರಿ."

ಓಣಿಯ ಹೆಂಗಸರಿಬ್ಬರೂ ಸೆರಗು ಬಾಯಿಗಿಟ್ಟುಕೊಂಡರು. ಒಳಗೆ ಡಬ್ಬಿ ಸುಮ್ಮನಾಯಿತು. ಗಂಗವ್ವನವರು "ಮುಂದ ಬಾ" ಎಂದರು. ಹೊಡೆಯುತ್ತಾರೆ ಎಂದು ಕಣ್ಣು ಮುಚ್ಚಿ ಬಾಗಿದೆ. ಅವರು ನನ್ನ ಹೆಗಲ ಮೇಲಿನ ಟವೆಲ್ಲನ್ನು ಎಳೆದುಕೊಂಡು ಬೆರಳಿನಿಂದ ಮುಟ್ಟಿ ನೋಡಿದರು.

"ಹೊಸಾದೈತೇನು?"

"ಹೌದ್ರಿ." ಹಬ್ಬದ ಮರುದಿನ ಕನ್ನೊಳ್ಳಿಗೆ ಹೋಗಲು ಇಟ್ಟುಕೊಂಡಿದ್ದ ಟವೆಲ್ಲು ಅದು.

"ಛಲೋ ಆತು. ನಾಕ ಪದರ ಮಾಡು. ಸೋಸು."

ಎಲ್ಲರ ಎದುರಿಗೆ ಕೂತು ಸೋಸಿದೆ. ಟವೆಲ್ಲಿನಲ್ಲಿ ನಿಂತ ಕೆಸರನ್ನು ಗಂಗವ್ವನವರು ಮೂಗಿನ ಹತ್ತಿರ ಹಿಡಿದು, "ಇದನ್ನ ಎರಡೂವರಿ ತಿಂಗಳ ನಮಗ ತಿನಿಸಿದೆಲ್ಲೋ, ನಿನ್ನ ಗಿರಣಿಗೆ ಬೆಂಕಿ ಹಾಕ" ಎಂದರು. ಆಮೇಲೆ ಮಂದಗಣ್ಣಿನ ಆ ಮುದುಕಿ ಸ್ಟೋವಿನ ಮುಂದೆ ಕೂತು ಅಕ್ಕನಿಂದ ಎಲ್ಲವನ್ನೂ ಮಾಡಿಸಿದರು. ಕಡಾಯಿಯ ತಳಕ್ಕೆ ಹತ್ತಿದ ಕರಿಯನ್ನು ಕೆರೆದು ತೆಗೆಸಿದರು, ಹನಿ ನೀರಿಲ್ಲದಂತೆ ಒರೆಸಿಸಿದರು, ಸಣ್ಣ ಉರಿ ಇಡಿಸಿದರು, ಸೋಸಿದ ಎಣ್ಣೆ ಹಾಕಿಸಿದರು. ಎಣ್ಣೆ ಕಾಯಿತು. ಅಕ್ಕ ಮೆಣಸಿನಕಾಯಿ ಬಜ್ಜಿ ಬಿಟ್ಟಳು. ಗಂಗವ್ವನವರು ಮೂಗು ಎತ್ತಿ ಎಡಕ್ಕೆ, ಬಲಕ್ಕೆ ತಿರುಗಿಸಿದರು.

"ಹೊಗಿ ಎಲ್ಲೈತಿ?"

"ಇಲ್ರೀ ಅತ್ತಿ."

"ನನಗೂ ಗೊತ್ತಾತು. ನಿನ್ನ ಬಾಯಾಗ ಕೇಳೂನಂತ ಕೇಳಿದೆ." ಎರಡೂವರೆ ತಿಂಗಳು ಬೈದದ್ದಕ್ಕೆ ತಪ್ಪಾಯಿತು ಎನ್ನಲಿಲ್ಲ. ಅತ್ತೆಯಂದಿರಿಗೆ ಆ ಮಾತು ಬರುವುದಿಲ್ಲ. ಮೊದಲ ಬಜ್ಜಿಯನ್ನು ಮುರಿದು, ಊದಿ, ಅಕ್ಕನ ಬಾಯಿಗಿಟ್ಟರು. "ಸೌಟು ನಿನ್ನ ಹಂತ್ಯಾಕ ಇರಲಿ. ಹೊಸಾಕಿ ಬಂದು ನಿನ್ನ ಕೈಯಾಗ ಕಲೀಲಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಅಲ್ಲೋ, ತಳದ್ದು ಇಲ್ಲಿಗೆ ಬಂತು. ಮ್ಯಾಲಿಂದು ಯಾರ ಮನಿಗೆ ಹೋತು?" ಎಂದರು. ನಾನು ಬಿಸಿ ಬಜ್ಜಿಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡೆ. ನಾಲಿಗೆ ಸುಟ್ಟಿತು, ಉತ್ತರ ಹೇಳುವುದು ತಪ್ಪಿತು.

ಸಂಜೆ ಅಕ್ಕ ಬಸ್ ನಿಲ್ದಾಣದ ತನಕ ಬಂದಳು. ಇಷ್ಟೆಲ್ಲ ಧೈರ್ಯ ಮಾಡಿ ಒಪ್ಪಿಕೊಂಡಿದ್ದೇನೆ, ಒಂದು ಒಳ್ಳೆಯ ಮಾತು ಹೇಳುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಅವಳು "ಮೊದಲನೇ ವಾರನ ಗೊತ್ತಾಗಿತ್ತೋ ನನಗ. ತಳದಾಗ ಕೈ ಹಾಕಿ ನೋಡಿದ್ದೆ" ಎಂದಳು.

"ಮತ್ತ ಯಾಕ ಹೇಳಲಿಲ್ಲ?"

"ಏನಂತ ಹೇಳಲಿ? ನಮ್ಮ ತವರಮನ್ಯಾಗ ಗಸಿ ಕೊಟ್ಟ ಕಳಿಸ್ಯಾರ ಅಂತ ಹೇಳಲೇನು? ನನಗ ಅಡಗಿ ಬರೂದಿಲ್ಲ ಅಂದ್ರ ಇವತ್ತಲ್ಲ ನಾಳೆ ಕಲೀತಾಳ ಅಂತಾರ. ತವರ ಹಿಂಗ ಅಂದ್ರ ಅದನ್ನ ನಾ ಹ್ಯಾಂಗ ತಿದ್ದಲಿ?" ಹೇಳಿ ನಕ್ಕಳು. "ಎರಡೂವರಿ ತಿಂಗಳ ಬಾಯಿ ಮುಚ್ಚಿ ಬೈಸಿಕೊಂಡಿದ್ದನ್ನ ನೀ ಒಂದ ಗಳಿಗ್ಯಾಗ ಹಾಳ ಮಾಡಿದಿ. ಇನ್ನ ನಮ್ಮತ್ತಿ ಇರೂತನಾ ಅಂತಾಳ, ಗಸಿ ಮನಿ ಮಗಳಂತ."

ಬಸ್ಸು ಬಂತು. ಹತ್ತಿ ಕಿಟಕಿಯ ಪಕ್ಕ ಕೂತೆ. ಅವಳು ಕಿಟಕಿಯ ಸರಳು ಹಿಡಿದು, "ಮ್ಯಾಲಿನ ಎಣ್ಣಿ ಕನ್ನೊಳ್ಳಿಗೆ ಹೋತಲ್ಲ?" ಎಂದಳು. ನಾನು ತಲೆ ತಗ್ಗಿಸಿದೆ. "ಹೋಗಲಿ ಬಿಡು. ಆದ್ರ ಅವರ ಮುಂದ ಇದನ್ನ ಎಂದೂ ಹೇಳಬ್ಯಾಡ. ಅಲ್ಲ್ಯರ ನಿನ್ನ ಮಾನ ಉಳೀಲಿ."

ಕನ್ನೊಳ್ಳಿಯ ಹುಡುಗಿಯನ್ನೇ ಮದುವೆಯಾದೆ. ನಮ್ಮ ಮಾವನವರು ಬೀಗರು ಬಿಜ್ಜರು ಕೂಡಿದಾಗಲೆಲ್ಲ, "ಎಣ್ಣಿ ನೋಡೇ ನಾ ಹುಡುಗನ ಮನಸ್ಸು ತಿಳಕೊಂಡೆ, ಅಷ್ಟು ತಿಳಿ ಇತ್ತು" ಎಂದು ಹೇಳುತ್ತಾರೆ. ಹೆಂಡತಿ ನನ್ನ ಕಡೆ ಅಭಿಮಾನದಿಂದ ನೋಡುತ್ತಾಳೆ. ನಾನು ವಿನಯದಿಂದ ನೆಲ ನೋಡುತ್ತೇನೆ. ಅಕ್ಕ ನನಗೆ ಹೇಳಿದ ಬುದ್ಧಿಮಾತುಗಳು ಸಾವಿರ. ಅವುಗಳಲ್ಲಿ ಒಂದನ್ನು ಮಾತ್ರ ನಾನು ಚಾಚೂ ತಪ್ಪದೆ ಪಾಲಿಸಿಕೊಂಡು ಬಂದೆ, ಯಾಕೆಂದರೆ ಅದಕ್ಕೆ ನಾನು ಏನೂ ಮಾಡಬೇಕಾಗಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಈಗ ಇದನ್ನು ಬರೆದು ಅದನ್ನೂ ಮುರಿದಿದ್ದೇನೆ.